ಹೊಳೆ ದಂಡೆಯಲ್ಲಿ ಆಡಬಾರದ ಮಾತು

ದಿಲಾವರ ಸತ್ತು ಎರಡು ತಿಂಗಳಾಯಿತು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೂವತ್ತೈದು ವರ್ಷ ತಾಡಪತ್ರಿ ಹೊಲಿದವನು ತುಂಗಭದ್ರೆಯಲ್ಲಿ ಮುಳುಗಿ ಸತ್ತ. ದಂಡೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ಬೆಳಗಿನ ಏಳೂವರೆಗೆ. ಆಗ ಅವನ ಸೊಂಟಕ್ಕೆ ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಪ್ರವೀಣಕುಮಾರನ ಕೈಯಲ್ಲಿತ್ತು. ಪ್ರವೀಣ ಹಗ್ಗ ಬಿಟ್ಟ.

ಇಷ್ಟು ಎಲ್ಲರಿಗೂ ಗೊತ್ತು. ಬ್ಯಾಡಗಿಯಲ್ಲಿ, ಪ್ರವೀಣ ಕೆಲಸ ಮಾಡುವ ರಾಣೆಬೆನ್ನೂರಿನಲ್ಲಿ, ಅವನನ್ನು ಈಗ ಹೆಸರು ಹಿಡಿದು ಕರೆಯುವವರು ಕಡಿಮೆ. ‘ಹಗ್ಗ ಬಿಟ್ಟಾಂವ’ ಎನ್ನುತ್ತಾರೆ. ಅವನು ಯಾಕೆ ಬಿಟ್ಟ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವನಿಗೆ ಮತ್ತು ನನಗೆ. ಅವನು ಯಾರಿಗೂ ಹೇಳಲಿಲ್ಲ. ನಾನು ನಲವತ್ತು ದಿನ ಹೇಳಲಿಲ್ಲ. ದಿಲಾವರನ ಬದುಕನ್ನು ಬರೆಯಬೇಕೆಂದರೆ ಅದನ್ನೂ ಬರೆಯಬೇಕು. ಅದನ್ನು ಮುಚ್ಚಿಟ್ಟು ಅವನ ಗುಣಗಾನ ಮಾಡಿದರೆ ಅವನೇ ನಗುತ್ತಾನೆ.

ನಾನು ಅಗಡಿಯವನು. ಬ್ಯಾಡಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಕನ್ನಡ ಕಲಿಸಿದೆ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಸ್ಕೂಟರಿನ ಸೀಟನ್ನು ಬೆಕ್ಕು ಹರಿದುಹಾಕಿತು. ಅದನ್ನು ಹೊಲಿಸಲು ಹೋದಾಗ ದಿಲಾವರನ ಪರಿಚಯವಾಯಿತು. ಅಂಗಡಿ ಎಂದರೆ ಒಂದು ತಗಡಿನ ಚಪ್ಪರ, ಕಾಲಿನಿಂದ ತುಳಿಯುವ ಹಳೆಯ ಮಶೀನು, ಗೋಡೆಗೆ ಆನಿಸಿದ ಬಿದಿರು ಗಳಗಳು. ನಾನು ಗಳಗಳನ್ನು ನೋಡುತ್ತಿದ್ದುದನ್ನು ಅವನು ನೋಡಿದ.

“ಡೇರೆ ಗಳಾ ಅನಕೊಂಡ್ರೇನ್ರಿ? ಅವು ಮೀನಿನ ಗಳಾ. ಸರ್ರು ಮೀನು ತಿಂತೀರಿ?”

“ಇಲ್ಲಪಾ. ನಾವು ಲಿಂಗಾಯತರು.”

“ತಿನ್ನಾಕ ಯಾರು ಕರದ್ರು? ಹಿಡಿಯಾಕ ಬರ್ರಿ. ಹಿಡಿಯೂದಕ್ಕ ಜಾತಿ ಇಲ್ಲ.”

ಹಾಗೆ ಹೋದೆ. ಇಪ್ಪತ್ತೆರಡು ವರ್ಷ ಹೋದೆ. ಒಂದು ಮೀನನ್ನೂ ತಿನ್ನಲಿಲ್ಲ. ನನಗೆಂದು ಅವನು ಒಂದು ಸಣ್ಣ ಪಾತೇಲಿ ಬೇರೆ ಇಟ್ಟಿದ್ದ. ಅದರ ಕಿವಿಗೆ ಕೆಂಪು ದಾರ ಕಟ್ಟಿದ್ದ. ಅದರಲ್ಲಿ ಮೀನು ಬೇಯಿಸುವಂತಿರಲಿಲ್ಲ. ಯಾರಾದರೂ ಗೊತ್ತಿಲ್ಲದೆ ಅದಕ್ಕೆ ಕೈ ಹಾಕಿದರೆ, “ಏ, ಅದು ಸರ್ರ ಮಠ. ಚಪ್ಪಲಿ ಕಳದು ಮುಟ್ಟು,” ಎನ್ನುತ್ತಿದ್ದ.

ಅವನ ತಂದೆ ಮಾರುಕಟ್ಟೆಯಲ್ಲಿ ಹಮಾಲರಾಗಿದ್ದರು. ಏಳನೆಯ ಇಯತ್ತೆಗೆ ದಿಲಾವರನ ಶಾಲೆ ಮುಗಿಯಿತು. ಹೊಲಿಗೆಯನ್ನು ಒಬ್ಬ ಉಸ್ತಾದನಿಂದ ಕಲಿತ. ಮೀನು ಹಿಡಿಯುವುದನ್ನು ಹೊಳೆಸಾಲಿನ ಹಳ್ಳಿಯಲ್ಲಿದ್ದ ತಾಯಿಯ ತಮ್ಮ ಅಬ್ದುಲರಜಾಕ ಮಾಮುವಿನಿಂದ ಕಲಿತ. ಮಾಮು ಬಲೆಯವರಲ್ಲ, ಗಾಳದವರು. ಬಲೆಗೆ ಬಲ ಬೇಕು, ಗಾಳಕ್ಕೆ ಕಿವಿ ಬೇಕು ಎನ್ನುತ್ತಿದ್ದರಂತೆ. ದಿಲಾವರ ಆ ಮಾತನ್ನು ಅಕ್ಷರಶಃ ನಂಬಿದ್ದ. ಹೊಸಬರನ್ನು ಕರೆದುಕೊಂಡು ಹೋದರೆ ಮೊದಲ ಅರ್ಧ ತಾಸು ಗಾಳ ಮುಟ್ಟಗೊಡುತ್ತಿರಲಿಲ್ಲ. ದಂಡೆಯ ಮೇಲೆ ಸುಮ್ಮನೆ ಕೂರಿಸುತ್ತಿದ್ದ.

“ಮೊದಲ ಹೊಳಿ ಓದ್ರಿ. ಎಲ್ಲಿ ನೀರು ಇಸ್ತ್ರಿ ಮಾಡಿದಂಗ ಐತಿ, ಅಲ್ಲೆ ಆಳ. ಎಲ್ಲಿ ಗುಳುಗುಳು ಅಂತೈತಿ, ಅಲ್ಲೆ ಕಲ್ಲು. ಸರ್ರ ನೋಡ್ರಿ, ಎಷ್ಟ ಚೊಲೋ ಓದ್ತಾರ. ಮೀನಿಗೆ ವ್ಯಾಕರಣ ಕಲಸಾಕ ಬಂದಾರ.”

ಹೊಸಬರು ಎಂದೆ. ಹತ್ತು ವರ್ಷದ ಹಿಂದೆ ಬ್ಯಾಂಕಿನ ಇಬ್ಬರು ನೌಕರರು ಕೇಳಿದರೆಂದು ಶುರುವಾದದ್ದು. ಆಮೇಲೆ ದೀಪಾವಳಿಗೂ ಮೆಣಸಿನಕಾಯಿ ಸುಗ್ಗಿಗೂ ನಡುವಿನ ಬಿಡುವಿನಲ್ಲಿ ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ಬರುತ್ತಿದ್ದರು. ಅಂಗಡಿಯವರು, ಮಾಸ್ತರರು, ಎಂದೂ ಗಾಳ ಮುಟ್ಟದವರು. ಒಂದು ರಾತ್ರಿ ಹೊಳೆ ದಂಡೆಯಲ್ಲಿ ತಂಗುವುದು, ಎರಡು ಹೊತ್ತು ಮೀನು ಹಿಡಿಯುವುದು, ವಾಪಸ್ಸು. ಡೇರೆಗಳನ್ನು ಅವನೇ ಹೊಲಿದಿದ್ದ. ಮೆಣಸಿನಕಾಯಿ ರಾಶಿಗೆ ಹೊದಿಸಿ ಹರಿದ ತಾಡಪತ್ರಿಗಳ ಗಟ್ಟಿ ಭಾಗ ಕತ್ತರಿಸಿ ಮಾಡಿದವು. ಎಷ್ಟು ತೊಳೆದರೂ ಘಾಟು ಹೋಗುತ್ತಿರಲಿಲ್ಲ. ಒಳಗೆ ಹೊಕ್ಕವರು ಮೊದಲು ಹತ್ತು ಸಲ ಸೀನುತ್ತಿದ್ದರು. “ಸೊಳ್ಳಿನೂ ಸೀನ್ತಾವ್ರಿ, ಒಳಗ ಬರೂದಿಲ್ಲ,” ಎನ್ನುತ್ತಿದ್ದ. ಸುಳ್ಳು. ಸೊಳ್ಳೆ ಬರುತ್ತಿದ್ದವು.

ಗಾಳದ ಮೇಲೆ ತೇಲುವ ಬೆಂಡನ್ನು ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ ಮಾಡುತ್ತಿದ್ದ. ಎರೆಹುಳುವನ್ನು ತಿಪ್ಪೆಯ ಬುಡದಿಂದ ತೆಗೆದು ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತಿದ್ದ. ಹುಳು ಮುಟ್ಟಲು ಅಸಹ್ಯಪಡುವವರಿಗೆ ಜೋಳದ ಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಮಾಡಿಕೊಡುತ್ತಿದ್ದ. ನಾನು ಕೊನೆಯವರೆಗೂ ಬೆಲ್ಲದುಂಡೆಯವನೇ. ಮೊದಲ ದಿನ ಸಿಗುತ್ತಿದ್ದದ್ದು ಬಹುತೇಕ ಜಿಲೇಬಿ ಮೀನು, ಅಂಗೈ ಅಗಲದ್ದು. ಅದನ್ನು ಹಿಡಿದವನ ಮುಖ ನೋಡಲೆಂದೇ ದಿಲಾವರ ಇಷ್ಟೆಲ್ಲ ಮಾಡುತ್ತಿದ್ದ ಎಂದು ನನಗೆ ಅನಿಸುತ್ತಿತ್ತು.

ಅವನ ಬಳಿ ಮೂರು ಕಟ್ಟಳೆಗಳಿದ್ದವು. ದಾರವನ್ನಾಗಲಿ ಹಗ್ಗವನ್ನಾಗಲಿ ಕೈಗೆ ಸುತ್ತಿಕೊಳ್ಳಬಾರದು. ಗಾಳವನ್ನು ಹೊಳೆಯಲ್ಲಿ ಉಳಿಸಿ ಬರಬಾರದು. ಅದು ದನದ ಕಾಲಿಗೋ ಮಕ್ಕಳ ಕಾಲಿಗೋ ನೆಡುತ್ತದೆ. ಮೂರನೆಯದು ಹೊಸಬರಿಗೆ ವಿಚಿತ್ರ ಅನಿಸುತ್ತಿತ್ತು. ದಂಡೆಯ ಮೇಲೆ ‘ಬಿಡು’ ಎಂಬ ಮಾತನ್ನು ಸುಮ್ಮನೆ ಆಡಬಾರದು.

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಾವೇರಿ ಸೀಮೆಯಲ್ಲಿ ಎರಡು ಮಾತಿಗೊಮ್ಮೆ ‘ಬಿಡ್ರಿ’ ಬರುತ್ತದೆ. ಹೋಗ್ಲಿ ಬಿಡ್ರಿ, ಇರ್ಲಿ ಬಿಡಪಾ, ಆತು ಬಿಡವಾ, ಭಾರಿ ಆತು ಬಿಡ್ರಿ. ಅದಕ್ಕೆ ಅರ್ಥವೇ ಇಲ್ಲ. ಮಾತಿನ ಬಾಲ, ಅಷ್ಟೆ. ಸಮಾಧಾನಕ್ಕೂ ಅದೇ, ಸಿಟ್ಟಿಗೂ ಅದೇ.

ದಿಲಾವರನಿಗೆ ಇಪ್ಪತ್ತು ವರ್ಷವಿದ್ದಾಗ ಮಾಮುವಿನ ಜೊತೆ ಒಬ್ಬ ಕಿರಾಣಿ ವ್ಯಾಪಾರಿ ಗಾಳ ಕಲಿಯಲು ಬಂದಿದ್ದರು. ನೈಲಾನ್ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದರು. ದೊಡ್ಡ ಬಾಳೆಮೀನು ಗಾಳ ಕಚ್ಚಿತು. ದಾರ ಬಿಗಿಯಿತು. ದಿಲಾವರ ದೂರದಿಂದ ಕೂಗಿದ, “ಬಿಡ್ರೀ! ಬಿಡ್ರೀ!” ಅವರು ನಗುತ್ತಾ, “ಇರ್ಲಿ ಬಿಡೋ, ಏನಾಗೂದಿಲ್ಲ ಬಿಡೋ,” ಅಂದರಂತೆ. ಮೀನು ಎರಡನೆಯ ಸಲ ಎಳೆದಾಗ ಎರಡು ಬೆರಳಿನ ತುದಿಗಳು ಹೋದವು.

ಅಂದಿನಿಂದ ಕಟ್ಟಳೆ. “ಹೊಳಿ ದಂಡ್ಯಾಗ ಬಿಡು ಅಂದ್ರ ಬಿಡೂದು. ಹೋಗ್ಲಿ ಅನ್ರಿ, ಇರ್ಲಿ ಅನ್ರಿ. ಬಾಲ ಮನ್ಯಾಗ ಇಟ್ಟ ಬರ್ರಿ.” ತಪ್ಪಿ ಆಡಿದವರು ಆ ಹೊತ್ತಿನ ಭಾಂಡೆ ತಿಕ್ಕಬೇಕು. ಮಸಿ ಹಿಡಿದ ಪಾತ್ರೆಗಳನ್ನು ಬೂದಿ, ಮರಳು ಹಾಕಿ, ಕುಕ್ಕರಗಾಲಲ್ಲಿ ಕೂತು. ಯಾರೋ ಮರೆತು “ಚಹಾ ಚೊಲೋ ಆಗೇತಿ ಬಿಡ್ರಿ” ಅನ್ನುವುದೇ ತಡ, ದಿಲಾವರ ಪಾತ್ರೆಗಳ ಕಡೆ ಬೆರಳು ಮಾಡಿ ಕೂಗುತ್ತಿದ್ದ. “ಭಾಂಡೆ!”

ಇಪ್ಪತ್ತೆರಡು ವರ್ಷದಲ್ಲಿ ಅತಿ ಹೆಚ್ಚು ಭಾಂಡೆ ತಿಕ್ಕಿದವನು ನಾನು. ಮೊದಮೊದಲು ನನಗೆ ಮೀನಿನ ಪಾತ್ರೆ ಕೊಡುತ್ತಿರಲಿಲ್ಲ. “ಬ್ಯಾಡ್ರಿ ಸರ್ರ, ನಿಮ್ಮ ಅವ್ವಾರಿಗೆ ಗೊತ್ತಾದ್ರ ನನ್ನ ಮಶೀನು ಸುಡ್ತಾರ.” ಕಟ್ಟಳೆ ಎಂದರೆ ಕಟ್ಟಳೆ ಎಂದು ನಾನೇ ಹಟ ಹಿಡಿದು ಅದನ್ನೂ ತಿಕ್ಕಿದೆ. ಆ ದಿನ ಅವನು ನನ್ನನ್ನು ನೋಡಿದ ರೀತಿ ನೆನಪಿದೆ. ನಮ್ಮ ಸ್ನೇಹ ಶುರುವಾದದ್ದು ಸ್ಕೂಟರಿನ ಸೀಟಿನಿಂದಲ್ಲ, ಅಲ್ಲಿಂದ.

ಹೋದ ನವೆಂಬರಿನ ಎರಡನೆಯ ಶನಿವಾರ ಹೊರಟೆವು. ಪ್ರವೀಣಕುಮಾರ ನನ್ನ ಬಳಿ ಓದಿದವನು. ಈಗ ಮೂವತ್ತೆರಡು ವರ್ಷ, ಒಂದು ಬೀಜದ ಕಂಪನಿಯ ಪ್ರಯೋಗದ ತಾಕುಗಳನ್ನು ನೋಡಿಕೊಳ್ಳುತ್ತಾನೆ. ನಿಧಾನದ ಹುಡುಗ. ತರಗತಿಯಲ್ಲಿ ಹೇಳಿದ್ದನ್ನು ಎರಡು ಸಲ ಬರೆದುಕೊಳ್ಳುತ್ತಿದ್ದವನು. ಅವನ ಜೊತೆ ಕಂಪನಿಯ ಇನ್ನಿಬ್ಬರು ಬಂದಿದ್ದರು. ಅವರು ಸಂಜೆಯ ಸೊಳ್ಳೆಗಳನ್ನು ನೋಡಿ, ಬರುತ್ತಿದ್ದ ಹಾಲಿನ ಗಾಡಿ ಹತ್ತಿ ರಾಣೆಬೆನ್ನೂರಿಗೆ ಹೋದರು.

ನಮ್ಮ ಮಾಮೂಲು ಜಾಗಕ್ಕೆ ಹೋದಾಗ ಅದು ಇರಲಿಲ್ಲ. ಅಲ್ಲೊಂದು ದೊಡ್ಡ ಜಾಲಿಗಿಡವಿತ್ತು. ನೀರಿಗಿಳಿಯುವಾಗ ದಿಲಾವರ ಹಗ್ಗದ ತುದಿಯನ್ನು ಅದಕ್ಕೇ ಕಟ್ಟುತ್ತಿದ್ದದ್ದು. ಮರಳು ತೆಗೆದು ತೆಗೆದು ದಂಡೆ ಕುಸಿದು, ಗಿಡ ಬೇರು ಮೇಲಾಗಿ ಹೊಳೆಯಲ್ಲಿ ಬಿದ್ದಿತ್ತು. ದಿಲಾವರ ಬಹಳ ಹೊತ್ತು ನೋಡಿದ.

“ಪುಸ್ತಕದಾಗಿನ ಹಾಳಿ ಹರದಾರ್ರಿ ಸರ್ರ,” ಅಂದ. “ನಾ ಕಾಲಿಲೆ ಓದಿದ ಹೊಳಿ. ಈಗ ಎಲ್ಲಿ ಏನೈತೋ.”

ಆಗಲೇ ವಾಪಸ್ಸು ಹೋಗಬಹುದಿತ್ತು. ಅವನು ಪ್ರವೀಣನ ಮುಖ ನೋಡಿದ. ಪ್ರವೀಣ ಹೊಸ ಗಳವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅರ್ಧ ಮೈಲಿ ಕೆಳಗೆ, ಗಿಡವಿಲ್ಲದ ಬಯಲು ದಂಡೆಯಲ್ಲಿ ಡೇರೆ ಹಾಕಿದೆವು. ನಾವು ಬಂದಿದ್ದ ಗಾಡಿ ದೂರದ ರಸ್ತೆಯಲ್ಲೇ ಉಳಿಯಿತು.

ಅಂದು ಮಧ್ಯಾಹ್ನ ಪ್ರವೀಣನ ಗಾಳಕ್ಕೆ ಒಂದು ಕಾಟ್ಲಾ ಮೀನು ಬಿತ್ತು. ಹೊಸಬನಿಗೆ ಬೀಳಬಾರದಷ್ಟು ದೊಡ್ಡದು. ಗಳ ಬಾಗಿ ಮುರಿಯುವಂತಾಯಿತು. “ಬಿಡು! ದಾರ ಬಿಡು!” ಎಂದು ದಿಲಾವರ ಕೂಗಿದ. ಪ್ರವೀಣ ಹಲ್ಲು ಕಚ್ಚಿ ಹಿಡಿದೇ ಇದ್ದ. ಗಳ ಮುರಿಯಿತು, ಮೀನು ಹೋಯಿತು, ದಾರ ಅವನ ಅಂಗೈ ಕೊಯ್ದಿತು. ಸಣ್ಣ ಗಾಯ.

ದಿಲಾವರ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದ. ಬೈಯಲಿಲ್ಲ. “ಯಾಕ ಬಿಡಲಿಲ್ಲ?”

“ಕೇಳಿಸ್ತ್ರಿ ಕಾಕಾ. ಆದ್ರ ತಲಿಗೆ ಹೋಗೂದ್ರಾಗ...”

“ತಲಿಗೆ ಯಾಕ ಕಳಸ್ತಿ? ಕೈ ಮೊದಲ ಕೇಳಬೇಕು. ತಲಿ ಆಮ್ಯಾಲೆ ಕೇಳ್ಲಿ, ಅದಕ್ಕೇನು ಅವಸರ ಐತಿ.”

ಆಮೇಲೆ ಅವನಿಗೆ ಪಾಠ ಮಾಡಿದ. ಹಗ್ಗದ ಒಂದು ತುದಿ ಪ್ರವೀಣನಿಗೆ ಕೊಟ್ಟು ಇನ್ನೊಂದನ್ನು ತಾನು ಎಳೆಯುತ್ತಾ ನಿಂತ. ಮಾತಾಡುತ್ತಾ ಮಾತಾಡುತ್ತಾ, ಯಾವುದೋ ಕತೆಯ ನಡುವೆ, ಇದ್ದಕ್ಕಿದ್ದಂತೆ “ಬಿಡು” ಅನ್ನುವುದು. ಮೊದಲು ಐದಾರು ಸಲ ಪ್ರವೀಣ ತಡ ಮಾಡಿದ. ಹತ್ತನೆಯ ಸಲಕ್ಕೆ ಮಾತು ಬಾಯಿಂದ ಬೀಳುವ ಮೊದಲೇ ಕೈ ತೆರೆಯಿತು. ದಿಲಾವರ ಮರಳಿನ ಮೇಲೆ ಅಂಗಾತ ಬಿದ್ದು ನಕ್ಕ. “ಶಾಬಾಸ್! ಸರ್ರ, ನಿಮ್ಮ ಹುಡುಗ ಪಾಸಾದ.”

ನಾನು ಚಪ್ಪಾಳೆ ತಟ್ಟಿದೆ.

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ನೀರಿನ ಮೇಲಿತ್ತು. ನಾನು ಮೂರು ಕಲ್ಲಿನ ಒಲೆ ಹಚ್ಚಿ ಚಹಾಕ್ಕೆ ಇಟ್ಟೆ. ಪ್ರವೀಣ ಇನ್ನೊಂದು ಗಳದಿಂದ ಮೊದಲ ಗಾಳ ಎಸೆದ. ಅದು ಏನಕ್ಕೋ ಸಿಕ್ಕಿಕೊಂಡಿತು. ಎಳೆದರೆ ಬರಲಿಲ್ಲ.

“ದಾರ ಕತ್ತರಿಸೂಣ್ರಿ ಕಾಕಾ?”

“ಗಾಳ ಒಳಗ ಉಳೀತೈತಿ. ಕಂಡಾರ ಮಕ್ಕಳ ಕಾಲಿಗೆ ನಾವ್ಯಾಕ ಮುಳ್ಳು ಹಾಕೂದು? ಇರು, ಬಂದೆ.”

ಅಂಗಿ ಕಳೆದ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅವನ ಗಂಟು ಹೇಗಿರುತ್ತಿತ್ತೆಂದರೆ, ಎಷ್ಟು ಜಗ್ಗಿದರೂ ಬಿಚ್ಚುತ್ತಿರಲಿಲ್ಲ, ತಾನು ಒಂದು ಬೆರಳಿನಿಂದ ಬಿಚ್ಚುತ್ತಿದ್ದ. ಇನ್ನೊಂದು ತುದಿ ಕಟ್ಟಲು ಸುತ್ತ ನೋಡಿದ. ಗಿಡವಿರಲಿಲ್ಲ.

“ಪ್ರವೀಣ, ಇವತ್ತ ನೀನ ಗಿಡ,” ಅಂದ. “ಹಿಡದ ನಿಂದ್ರು. ಕೈಗೆ ಸುತ್ತಕೋಬ್ಯಾಡ.”

ನಾನು ಒಲೆಯ ಬಳಿ, ಪ್ರವೀಣನ ಬೆನ್ನ ಹಿಂದೆ ಏಳೆಂಟು ಹೆಜ್ಜೆ ದೂರದಲ್ಲಿದ್ದೆ. ದಿಲಾವರ ದಾರ ಹಿಡಿದುಕೊಂಡು ಒಳಗೆ ಹೋದ. ಮೊಣಕಾಲು, ಸೊಂಟ, ಎದೆ. ಅಲ್ಲಿ ನಿಂತು ಕಾಲಿನಿಂದ ತಡವಿದ. “ಹಳೇ ಬಲಿ ಐತ್ರಿ, ಯಾರೋ ಒಗದಾರ,” ಎಂದು ಕೂಗಿ ಹೇಳಿದ. ಇನ್ನೊಂದು ಹೆಜ್ಜೆ ಮುಂದೆ ಹೋದ.

ಪ್ರವೀಣ ತಿರುಗದೆಯೇ ನನ್ನೊಡನೆ ಮಾತಾಡುತ್ತಿದ್ದ. ದನಿ ಸಣ್ಣಗಾಗಿತ್ತು. “ಸರ, ನಿನ್ನೆ ಗಳಾ ಮುರದೆ. ಇವತ್ತ ಮೊದಲನೇ ಗಾಳಾನ ಸಿಗಸಿದೆ. ಈ ವಯಸ್ಸಿನ್ಯಾಗ ಅವರು ನನ್ನ ಸಲುವಾಗಿ ಥಂಡಿ ನೀರಾಗ...”

ಚಹಾ ಉಕ್ಕಿ ಬಂತು. ನಾನು ಬಟ್ಟೆ ಹಿಡಿದು ಪಾತೇಲಿ ಇಳಿಸುತ್ತಾ, ಅವನ ಕಡೆ ನೋಡದೆ, ಇಪ್ಪತ್ತೇಳು ವರ್ಷ ಸಾವಿರ ಮಕ್ಕಳಿಗೆ ಹೇಳಿದ್ದನ್ನೇ ಹೇಳಿದೆ.

“ಇರ್ಲಿ ಬಿಡಪಾ.”

ನಡೆದದ್ದು ಇಷ್ಟೇ. ನೀರಿನ ಮೇಲೆ ಮಾತು ದೂರ ಹೋಗುತ್ತದೆ. ದಿಲಾವರನಿಗೂ ಕೇಳಿಸಿತು. ಅವನು ನಮ್ಮ ಕಡೆ ತಿರುಗಿದ, ಕೈ ಮೇಲೆತ್ತಿ ಪಾತ್ರೆಗಳ ಕಡೆ ಬೆರಳು ಮಾಡಿದ, ಮುಖ ತುಂಬ ನಗುತ್ತಾ ಕೂಗಿದ. “ಸರ್ರ! ಭಾಂಡೆ!”

ನಾನು ತಲೆ ಎತ್ತಿದೆ. ಹಗ್ಗ ಮರಳಿನ ಮೇಲೆ ಹಾವಿನಂತೆ ಓಡುತ್ತಿತ್ತು. ಪ್ರವೀಣನ ಎರಡೂ ಕೈ ತೆರೆದಿದ್ದವು. ಅವನು ತನ್ನ ಕೈಗಳನ್ನೇ ನೋಡುತ್ತಿದ್ದ. ತಿರುಗುವಾಗ ದಿಲಾವರನ ಕಾಲ ಕೆಳಗಿನ ಮರಳು ಕುಸಿದಿರಬೇಕು. ಅದು ಮರಳು ತೆಗೆದ ಗುಂಡಿಯ ಅಂಚಾಗಿತ್ತು. ಎತ್ತಿದ ಕೈ ಎತ್ತಿದಂತೆಯೇ ಒಳಗೆ ಹೋಯಿತು. ಅವನು ಈಜು ಬಲ್ಲವನು. ಮೇಲೆ ಬರುತ್ತಾನೆಂದು ಒಂದು ಕ್ಷಣ ಕಾದೆವು. ಆ ಹಳೆಯ ಬಲೆ ಕಾಲಿಗೆ ಸುತ್ತಿತ್ತು ಎಂದು ಆಮೇಲೆ ತಿಳಿಯಿತು. ಹಗ್ಗ ಕೈಯಲ್ಲಿದ್ದಿದ್ದರೆ ಎಳೆಯಬಹುದಿತ್ತು. ಪ್ರವೀಣ ನೀರಿಗೆ ಹಾರಿದ. ಅವನಿಗೆ ಈಜು ಬರುತ್ತಿರಲಿಲ್ಲ. ಕುತ್ತಿಗೆಮಟ್ಟ ಹೋದವನನ್ನು ನಾನು ಕೂದಲು ಹಿಡಿದು ಹಿಂದಕ್ಕೆ ಎಳೆದೆ. ಹಗ್ಗದ ತುದಿ ಕೈಗೆ ಸಿಗದಷ್ಟು ದೂರದಲ್ಲಿ ತೇಲಿ, ಮೆಲ್ಲಗೆ ಕೆಳಗೆ ಹೋಯಿತು.

ಹರಿಗೋಲಿನವರು ಬಂದು ಅವನನ್ನು ಎತ್ತುವಾಗ ಒಂಬತ್ತೂವರೆ. ಸೊಂಟದ ಗಂಟು ಹಾಗೆಯೇ ಇತ್ತು. ಯಾರಿಗೂ ಬಿಚ್ಚಲು ಬರಲಿಲ್ಲ. ಕೊನೆಗೆ ಕುಡಗೋಲಿನಿಂದ ಕೊಯ್ದರು.

ಪೊಲೀಸರು ಕೇಳಿದರು, “ಹಗ್ಗ ಯಾಕ ಬಿಟ್ಟಿ?”

ಪ್ರವೀಣ ನನ್ನ ಕಡೆ ನೋಡಲಿಲ್ಲ. “ಕೈ ಜಾರಿತ್ರಿ.”

ಅವರು ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಬೇಕಾಗಿದ್ದ ಸಮಯ ಅದು. ಆಘಾತದಲ್ಲಿದ್ದೆ ಎಂದು ಹೇಳಿಕೊಳ್ಳಬಹುದು. ಸಂಜೆ ಖಬರಸ್ತಾನದಲ್ಲಿ ಆಘಾತದ ನೆವವೂ ಇರಲಿಲ್ಲ. ಎಲ್ಲರೂ ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ನಾನೂ ಹಾಕಿದೆ. ಪ್ರವೀಣ ಬಗ್ಗಿ ಮಣ್ಣು ತೆಗೆದುಕೊಂಡಾಗ ದಿಲಾವರನ ಹೆಂಡತಿಯ ತಮ್ಮ ಖಲಂದರ ಅವನ ಕೈ ಹಿಡಿದು ಕೊಡವಿದ.

“ಹಗ್ಗ ಹಿಡಿಯಾಕ ಬರದ ಕೈಗೆ ಮಣ್ಣು ಯಾಕೋ? ನಡಿ ಆಚೆ.”

ಮಣ್ಣು ಪ್ರವೀಣನ ಬೂಟಿನ ಮೇಲೆ ಬಿತ್ತು. ಅವನು ಗೇಟಿನ ಹೊರಗೆ ಹೋಗಿ ನಿಂತ. ನನ್ನ ಹೆಗಲ ಮೇಲೆ ಕೈ ಇಟ್ಟು ಅದೇ ಖಲಂದರ, “ಸರ್ರ, ನಿಮ್ಮ ಗೆಳ್ಯಾ ಹೋದ,” ಎಂದು ಅತ್ತ. ನನಗೆ ಸಮಾಧಾನ, ಅವನಿಗೆ ಶಿಕ್ಷೆ. ನಾನು ಅದನ್ನು ಸ್ವೀಕರಿಸಿದೆ.

ಮೂವತ್ತೆಂಟನೆಯ ದಿನ ಒಂದು ಫೋನ್ ಬಂತು. “ನಾನು ಸುಧಾರಾಣಿರಿ ಸರ್ರ, ಪ್ರವೀಣಕುಮಾರ ಅವರ ಮನಿಯಾಕಿ. ಒಂದ್ಸಲ ಬರ್ತೀರೇನ್ರಿ? ನಿಮ್ಮ ಮಾತು ಕೇಳ್ತಾರ.” ಆ ಕೊನೆಯ ಮೂರು ಶಬ್ದಗಳನ್ನು ಅವಳು ಏನೂ ತಿಳಿಯದೆ ಆಡಿದ್ದಳು. “ಕೆಲಸಕ್ಕ ಹೋಗವಲ್ರು. ಬಲಗೈ ಮುಷ್ಟಿ ಮಾಡಿಕೊಂಡ ಕುಂದರ್ತಾರ. ಮಲಗಿದಾಗೂ ಬಿಚ್ಚೂದಿಲ್ರಿ. ಉಣ್ಣಾಕ ನಾನ ತುತ್ತು ಮಾಡಿ ಕೊಡಬೇಕು.”

ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಪ್ರವೀಣ ಹೊರಗಿನ ಕೋಣೆಯಲ್ಲಿದ್ದ. ನನ್ನನ್ನು ನೋಡಿ ಎದ್ದು ನಿಂತ, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆ. ಮುಷ್ಟಿ ಮುಚ್ಚಿಯೇ ಇತ್ತು.

“ನಾ ಅಂದ ಮಾತು ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಏನಂತ ಹೇಳ್ಲಿರಿ? ನಮ್ಮ ಸರ್ರು ಬಿಡು ಅಂದ್ರು, ನಾ ಬಿಟ್ಟೆ ಅಂತನಾ? ಕೇಳಿದವರು ನಕ್ಕಾರು. ಇಲ್ಲಂದ್ರ ನೀವು ಬೇಕಂತ ಅಂದ್ರಿ ಅಂತ ತಿಳಕೊಂಡಾರು.”

“ನಾ ಹಂಗ ಅಂದಿರಲಿಲ್ಲ.”

“ನನಗ ಗೊತ್ತೈತ್ರಿ. ಇರ್ಲಿ ಅಂದ್ರಿ ನೀವು. ತಲಿಗೆ ಆಮ್ಯಾಲೆ ತಿಳೀತು. ಕೈ ಮೊದಲ ಕೇಳಿತ್ತು.” ಮುಷ್ಟಿಯನ್ನು ನೋಡಿಕೊಂಡ. “ಹಗ್ಗ ನನ್ನ ಕೈಯಾಗಿತ್ತು ಸರ. ಈಗ ಒಬ್ಬನ ಮ್ಯಾಲ ಐತಿ. ಇಬ್ಬರ ಮ್ಯಾಲ ಯಾಕ?”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಯಾರೋ ಯಾರಿಗೋ ‘ಬಿಡ್ರಿ’ ಅನ್ನುತ್ತಲೇ ಇದ್ದರು.

ನಲವತ್ತನೆಯ ದಿನ ದಿಲಾವರನ ಮನೆಯಲ್ಲಿ ಫಾತೇಹಾ ಪ್ರಾರ್ಥನೆ ಓದಿಸಿದರು. ನೆಂಟರು, ಓಣಿಯವರು, ಮಾರುಕಟ್ಟೆಯ ಹಮಾಲರು ಬಂದಿದ್ದರು. ಓದು ಮುಗಿದು ಊಟಕ್ಕೆ ಕೂರುವ ಮೊದಲು ಒಂದು ಮಾತು ಹೇಳುವುದಿದೆ ಎಂದೆ. ಗುಣಗಾನ ಮಾಡುತ್ತೇನೆಂದು ಎಲ್ಲರೂ ಸುಮ್ಮನಾದರು. ಬಾಗಿಲ ಪರದೆಯ ಹಿಂದೆ ದಿಲಾವರನ ಹೆಂಡತಿ ಸಕೀನಾಬಿ, ಮಗಳು ಅಫ್ರೀನ್ ನಿಂತಿದ್ದರು.

ಇಲ್ಲಿ ಬರೆದಂತೆಯೇ ಹೇಳಿದೆ. ಚಹಾ, ಪ್ರವೀಣನ ಮಾತು, ನನ್ನ ಮಾತು, ಹಗ್ಗ. ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಒಂದಲ್ಲ ಒಂದು ಸಲ ಅವನ ದಂಡೆಯಲ್ಲಿ ಭಾಂಡೆ ತಿಕ್ಕಿದವರೇ. ಖಲಂದರನ ಮುಖ ಬಿಳಿಚಿತು.

“ನಲವತ್ತು ದಿನ, ಸರ್ರ?” ಅಂದ. “ನಾ ಆ ಹುಡುಗನ ಕೈಯಾಗಿನ ಮಣ್ಣು ಕೊಡವಿದೆ. ನೀವು ನೋಡಿಕೋಂತ ನಿಂತಿದ್ರಿ.”

“ಹೌದು.”

ಅವನು ಎದ್ದು ಹೊರಗೆ ಹೋದ. ಸೈಕಲ್ ಮೋಟಾರು ಶುರುವಾದ ಸದ್ದು ಕೇಳಿಸಿತು. ರಾಣೆಬೆನ್ನೂರಿಗೆ ಹೋದ ಎಂದು ಆಮೇಲೆ ತಿಳಿಯಿತು. ಆ ಸಂಜೆ ಅವನು ಪ್ರವೀಣನನ್ನು ಕರೆದುಕೊಂಡು ಬಂದು ಖಬರಸ್ತಾನದ ಗೇಟು ತೆಗೆಸಿದನಂತೆ. ಪ್ರವೀಣ ಮಣ್ಣು ಹಾಕಿದನಂತೆ, ಎಡಗೈಯಿಂದ. ಬಲಗೈ ಅಂದೂ ಬಿಚ್ಚಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಪೂರ್ತಿ ಬಿಚ್ಚಿಲ್ಲ. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸುತ್ತಿದ್ದಾರೆ.

ಜನ ಹೋದ ಮೇಲೆ ಸಕೀನಾಬಿ ಪರದೆ ಸರಿಸಿ ಹೊರಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನೊಡನೆ ಆಡಿದ್ದು ಚಹಾ ಬೇಕೇ ಸಾಕೇ ಎಂಬಷ್ಟೇ.

“ಅವರಿಗೆ ಕೇಳಿಸ್ತೇನ್ರಿ, ನೀವು ಅಂದಿದ್ದು?”

“ಕೇಳಿಸ್ತು ಭಾಬಿ.”

“ಏನಂದ್ರು?”

ಜನರ ಮುಂದೆ ಇದೊಂದನ್ನು ಹೇಳಿರಲಿಲ್ಲ. “ಭಾಂಡೆ ಅಂದ. ನಗಾಕತ್ತಿದ್ದ.”

ಅವರು ಹಿತ್ತಲ ಬಾಗಿಲು ತೆರೆದು ಪಕ್ಕಕ್ಕೆ ನಿಂತರು. ಬಾವಿಯ ಕಟ್ಟೆಯ ಬಳಿ, ಅಂದು ಗಾಡಿಯಲ್ಲಿ ತಂದು ಇಳಿಸಿದಂತೆಯೇ, ಪಾತ್ರೆಗಳು ಬಿದ್ದಿದ್ದವು. ಮೀನಿನ ದೊಡ್ಡ ಬೋಗುಣಿ, ತಟ್ಟೆಗಳು, ಚಹಾ ಉಕ್ಕಿ ಸುಟ್ಟು ಕರಕಾದ ಕೆಂಪು ದಾರದ ಪಾತೇಲಿ. ಬೋಗುಣಿಗೆ ಅಂಟಿದ ಮೀನಿನ ಪೊರೆ ಒಣಗಿ ಮಿಣಮಿಣ ಅನ್ನುತ್ತಿತ್ತು. ಇರುವೆಗಳು ತಮ್ಮ ಪಾಲು ತೆಗೆದುಕೊಂಡು ಹೋಗಿದ್ದವು.

“ಯಾರೂ ಮುಟ್ಟಿಲ್ಲ,” ಅಂದರು. “ನನಗ ಮುಟ್ಟಾಕ ಆಗಲಿಲ್ಲ. ಯಾಕಂತ ಗೊತ್ತಿರಲಿಲ್ಲ.”

ಅಂಗಿಯ ತೋಳು ಮಡಚಿದೆ. ಅಫ್ರೀನ್ ಬೂದಿ ತಂದಿಟ್ಟು ಮುಖ ನೋಡದೆ ಒಳಗೆ ಹೋದಳು. ನೀರು ಸೇದಿಕೊಂಡು ಕುಕ್ಕರಗಾಲಲ್ಲಿ ಕೂತೆ. ಮೊದಲು ಮೀನಿನ ಬೋಗುಣಿ, ಆಮೇಲೆ ತಟ್ಟೆಗಳು. ಕೊನೆಗೆ ಪಾತೇಲಿ. ಅದರ ತಳದ ಕರಕು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಲ್ಲಿನ ಚೂರಿನಿಂದ ಕೆರೆದೆ. ಬೆರಳ ಸಿಪ್ಪೆ ಎದ್ದಿತು. ದಾರದ ಬಣ್ಣ ಬಿಟ್ಟು ನೀರು ಕೆಂಪಾಯಿತು. ಮತ್ತೆ ಬೂದಿ ಹಾಕಿದೆ.

ಸಕೀನಾಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಅದು ಹೋಗೂದಿಲ್ಲ,” ಅಂದರು. “ಇರ್ಲಿ.”

ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರೂ ಆ ಮಾತನ್ನು ಅಲ್ಲಿಗೆ ನಿಲ್ಲಿಸುವುದಿಲ್ಲ. ಅವರು ನಿಲ್ಲಿಸಿದರು. ನಾನು ಪಾತೇಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾದೆ. ಅವರು ಒಳಗೆ ಹೋದರು. ನಾನು ಪಾತ್ರೆಗಳನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಹಿತ್ತಲ ಗೇಟಿನಿಂದ ಹೊರಬಿದ್ದೆ.